ಗಾಳಿ ನಿಲ್ಲುವ ಜಾಗ

ಅವಳಿಗೆ ಆ ಅಡ್ಡಹೆಸರು ಇಟ್ಟವರು ಫ್ಯಾನಣ್ಣ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವರು ಪ್ರಯೋಗಾಲಯದ ದೊಡ್ಡ ಫ್ಯಾನು ನಿಲ್ಲಿಸಿ, ಕೈ ತೊಳೆದು, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. "ಅಣ್ಣಾ, ಇನ್ನೊಂದ್ಸಲ ಹಾಕ್ತೀರಾ?" ಅವರು ಡಬ್ಬಿ ಮುಚ್ಚಿ, ಎದ್ದು, ಹಾಕುತ್ತಿದ್ದರು. ಹಾಗೆ ಒಂದು ವರ್ಷ ಆರಿದ ಅನ್ನ ತಿಂದ ಮೇಲೆ ಅವಳನ್ನು 'ಇನ್ನೊಂದ್ಸಲ' ಎಂದೇ ಕರೆಯಲು ಶುರುಮಾಡಿದರು. ಮಿಕ್ಕವರೂ ಹಾಗೇ ಕರೆದರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಯಾರಾದರೂ ಕೂಗಿದರೆ ಅವಳು ತಿರುಗಿ ನೋಡುತ್ತಿರಲಿಲ್ಲ.

ಹೆಸರು ಅವಳಿಗೆ ಒಪ್ಪುತ್ತಿತ್ತು. ಶಾಲೆಯಲ್ಲಿದ್ದಾಗ ಪರೀಕ್ಷೆಯ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದವಳು, ನಂಬರು ಬರೆದಿದ್ದೇನೋ ಇಲ್ಲವೋ ನೋಡಬೇಕೆಂದು ಮತ್ತೆ ಒಳಗೆ ಹೋಗಿ ಟೀಚರ ಕೈಲಿ ಬೈಸಿಕೊಂಡಿದ್ದಳು. ಬರೆದಿದ್ದಳು. ಮದುವೆಯಾದ ಮೇಲೆ ಗ್ಯಾಸ್ ಆರಿಸಿದ್ದೇನೋ ಎಂದು ಬಸ್ ಸ್ಟಾಪಿನಿಂದ ವಾಪಸು ಬರುತ್ತಿದ್ದಳು. ಆರಿಸಿರುತ್ತಿದ್ದಳು. ಮಗುವಾದ ಮೇಲಂತೂ ಕೇಳುವುದೇ ಬೇಡ. ನಿದ್ದೆ ಮಾಡುತ್ತಿರುವ ಕೂಸಿನ ಮೂಗಿನ ಕೆಳಗೆ ಬೆರಳಿನ ಹಿಂಭಾಗ ಹಿಡಿದು ನಿಲ್ಲುವುದು, ತಣ್ಣಗೆ ಬೆಚ್ಚಗೆ ಎರಡೂ ತಾಗಿದ ಮೇಲೆ ಹೋಗುವುದು, ಬಾಗಿಲ ತನಕ ಹೋಗಿ ತಿರುಗಿ ಬರುವುದು.

ಇಂಥವಳಿಗೆ ಹೇಳಿ ಮಾಡಿಸಿದಂಥ ಕೆಲಸ ಪ್ರಪಂಚದಲ್ಲಿ ಒಂದೇ ಒಂದಿತ್ತು, ಅದು ಅವಳಿಗೇ ಸಿಕ್ಕಿತ್ತು. ಗಾಳಿ ಒಂದು ತಗಡಿನ ಮೇಲೆ ಹಾಯುವಾಗ ಅದನ್ನು ಎಷ್ಟು ಉಜ್ಜಿಕೊಂಡು ಹೋಗುತ್ತದೆ ಎಂದು ಅವಳು ಅಳೆಯುತ್ತಿದ್ದಳು. ಬಸ್ಸು, ರೈಲು, ವಿಮಾನ ಸುಡುವ ಎಣ್ಣೆಯಲ್ಲಿ ಒಂದು ಪಾಲು ಈ ಉಜ್ಜಾಟಕ್ಕೇ ಹೋಗುವುದರಿಂದ ಅದನ್ನು ಅಳೆಸಿಕೊಂಡು ಹೋಗಲು ಜನ ಬರುತ್ತಿದ್ದರು. ಅವಳ ಅತ್ತೆ ಅಕ್ಕಪಕ್ಕದ ಮನೆಯವರಿಗೆ "ನಮ್ಮ ಸೊಸೆ ಗಾಳಿ ಅಳೀತಾಳೆ" ಎನ್ನುತ್ತಿದ್ದರು. ಅಕ್ಕಪಕ್ಕದವರು ಪಾಪ ಎನ್ನುವಂತೆ ತಲೆಯಾಡಿಸುತ್ತಿದ್ದರು.

ಕೆಲಸ ಹೀಗೆ. ಗಾಳಿ ಸುರಂಗವೆಂದರೆ ಒಂದು ಉದ್ದನೆಯ ಚೌಕದ ಕೊಳವೆ. ಅದರ ಒಂದು ತುದಿಯಲ್ಲಿ ಫ್ಯಾನಣ್ಣನ ಫ್ಯಾನು, ನಡುವೆ ಗಾಜಿನ ಪಕ್ಕಗಳಿರುವ ಒಂದು ಭಾಗ, ಆ ಭಾಗದ ನೆಲಕ್ಕೆ ಪರೀಕ್ಷೆಯ ಹಲಗೆ. ಹಲಗೆಗೆ ತಾಗಿಕೊಂಡ ಗಾಳಿ ಓಡುವುದಿಲ್ಲ, ಅಂಟಿಕೊಂಡು ನಿಂತೇ ಇರುತ್ತದೆ. ಅದರ ಮೇಲಿನ ಪದರ ತುಸು ಜಾರುತ್ತದೆ, ಅದರ ಮೇಲಿನದು ಇನ್ನಷ್ಟು, ಹೀಗೆ ಎರಡು ಬೆರಳಿನಷ್ಟು ಮೇಲೆ ಹೋದರೆ ಪೂರ್ತಿ ಓಟ. ನಿಂತ ಗಾಳಿಯಿಂದ ವೇಗ ಎಷ್ಟು ಕಡಿದಾಗಿ ಏರುತ್ತದೆ ಎಂದು ಗೊತ್ತಾದರೆ ಉಜ್ಜಾಟ ಗೊತ್ತಾದಂತೆ. ಆ ಏರು ಶುರುವಾಗುವ ಜಾಗ ಏಳೆಂಟು ಕೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಅಲ್ಲಿಗೆ ಯಾವ ಮುಳ್ಳು, ಯಾವ ಸೂಜಿ ತೂರಿಸಿದರೂ ಗಾಳಿ ಕೆಟ್ಟುಹೋಗುತ್ತದೆ. ಆದ್ದರಿಂದ ಬೆಳಕನ್ನೇ ತೂರಿಸುತ್ತಾರೆ. ಒಂದು ಹಸಿರು ಲೇಸರನ್ನು ಎರಡು ಎಳೆಯಾಗಿ ಸೀಳಿ, ಗಾಜಿನ ಪಕ್ಕದಿಂದ ಬಿಟ್ಟು, ಹಲಗೆಯ ಮೇಲೆ ಒಂದು ಚುಕ್ಕಿಯಲ್ಲಿ ಎರಡನ್ನೂ ಕೂಡಿಸುತ್ತಾರೆ. ಆ ಚುಕ್ಕಿಯೊಳಗೆ ಬೆಳಕು ಕತ್ತಲಿನ ಪಟ್ಟೆಗಳಿರುತ್ತವೆ. ಗಾಳಿಗೆ ಬೆರೆಸಿದ ಮಂಜುಹೊಗೆಯ ಒಂದು ಕಣ ಆ ಪಟ್ಟೆಗಳನ್ನು ದಾಟುವಾಗ ಮಿಣಮಿಣ ಮಿನುಗುತ್ತದೆ. ಎಷ್ಟು ಬೇಗ ಮಿನುಗಿತೋ ಅಷ್ಟು ವೇಗ. ಚುಕ್ಕಿಯನ್ನು ಒಂದೊಂದೇ ಕೂದಲೆಳೆ ಮೇಲೆತ್ತುತ್ತ, ಒಂದೊಂದು ಎತ್ತರದಲ್ಲೂ ಕಣಗಳು ಬರುವವರೆಗೆ ಕಾಯುತ್ತ ಕೂರಬೇಕು. ಹಲಗೆಯ ಹತ್ತಿರ ಕಣಗಳೂ ಅಪರೂಪ. ಅಲ್ಲಿ ಓಡಾಡುವವರೇ ಕಡಿಮೆ.

ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಕಪ್ಪು ಬಣ್ಣ. ಮೂಲೆಯಲ್ಲಿ ನಾಟಕದ ರಂಗದ ಮೇಲೆ ಮಂಜು ಬಿಡುವಂಥ ಒಂದು ಯಂತ್ರ, ಅದರದೇ ಒಂದು ಸಿಹಿ ಅಂಟು ವಾಸನೆ. ಅವಳಿಗೆ ಆ ಕೋಣೆ ಇಷ್ಟ. ಮನೆಯಲ್ಲಿ ಹುಚ್ಚು ಎನಿಸಿಕೊಂಡದ್ದು ಅಲ್ಲಿ ಎಚ್ಚರಿಕೆ ಎನಿಸಿಕೊಳ್ಳುತ್ತಿತ್ತು, ಅದಕ್ಕೆ ಸಂಬಳವೂ ಬರುತ್ತಿತ್ತು.

ಹೆರಿಗೆ ರಜೆ ಮುಗಿಸಿ ವಾಪಸು ಬಂದಾಗ ಎಲ್ಲರೂ ಅವಳೊಡನೆ ಬಹಳ ಒಳ್ಳೆಯವರಾಗಿದ್ದರು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಕುರ್ಚಿ ಎಳೆದು ಕೊಡುತ್ತಿದ್ದರು. ಮಂಜುಯಂತ್ರದ ಡಬ್ಬ ಎತ್ತಲು ಬಿಡುತ್ತಿರಲಿಲ್ಲ. ಕೊನೆಗೆ ವಿಭಾಗದ ಮುಖ್ಯಸ್ಥರು ಕರೆಸಿದರು. ಅವರು ಯಾವ ಮಾತನ್ನೂ ಪೂರ್ತಿ ಕೆಟ್ಟದಾಗಿ ಹೇಳಲಾರದ ಮನುಷ್ಯ.

"ನಿಮ್ಮ ಅನುಕೂಲಕ್ಕೇ ಹೇಳ್ತಿದೀನಮ್ಮ," ಎಂದರು. "ಮುಂದಿನ ಕೋಣೇಲಿ ಒಂದು ಟೇಬಲ್ ಖಾಲಿ ಇದೆ. ಕಿಟಕಿ ಪಕ್ಕಾನೇ. ಬಂದ ಪತ್ರಕ್ಕೆ ಉತ್ತರ ಬರೆಯೋದು, ಅಷ್ಟೆ. ಸಾಯಂಕಾಲ ಟೈಮಿಗೆ ಸರಿಯಾಗಿ ಹೊರಡಬಹುದು. ಚಿಕ್ಕ ಮಗು ಇರೋ ಮನೆ."

"ಲೇಸರ್ ರೂಮು ಸರ್?"

"ಅದನ್ನ ಯಾರಾದ್ರೂ ನೋಡ್ಕೋತಾರೆ."

"ಈ ಬಣ್ಣದ ಕೆಲಸ ಒಂದು ಮುಗಿಸ್ತೀನಿ ಸರ್. ಆಮೇಲೆ ನೋಡೋಣ."

ಮುಖ್ಯಸ್ಥರು ಯೋಚಿಸಿದರು. "ಸರಿ. ಇದು ಚೆನ್ನಾಗಿ ಆದ್ರೆ ಟೇಬಲ್ ಮಾತೇ ಬೇಡ. ಏನಾದ್ರೂ ಎಡವಟ್ಟಾದ್ರೆ... ಆಗಲ್ಲ ಬಿಡಿ. ಟೇಬಲ್ ಅಂತೂ ಎಲ್ಲಿಗೂ ಓಡಿಹೋಗಲ್ಲ."

ಬಣ್ಣದ ಕೆಲಸ ಎಂದರೆ, ಒಬ್ಬ ಬಣ್ಣ ತಯಾರಕರು ಗಾಳಿ ಜಾರಿಹೋಗುವಂಥ ಬಣ್ಣ ಕಂಡುಹಿಡಿದಿರುವುದಾಗಿ ಹೇಳಿಕೊಂಡು ಬಂದಿದ್ದರು. ದುಂಡಗಿನ ಮೈ, ದೊಡ್ಡ ದನಿ. ಬಣ್ಣ ಬಳಿದ ತಗಡನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಎರಡು ಕೈಯಲ್ಲಿ ಎದೆಗವಚಿಕೊಂಡು ತಂದರು. ಬಿಚ್ಚಿದರೆ ಮುಖ ಕಾಣುವಷ್ಟು ಹೊಳಪು, ಕಡುನೀಲಿ.

"ಇದ್ರ ಮೇಲೆ ಗಾಳಿಗೆ ನಿಲ್ಲೋಕೇ ಆಗಲ್ಲ ಮೇಡಂ. ನೊಣಾನೂ ಜಾರುತ್ತೆ."

"ನೊಣ ಬಿಟ್ಟು ನೋಡಿದೀರಾ?"

"ಒಂದು ಜಾರ್ತು."

ಅವಳು ತಗಡಿನ ಅಂಚು ಮುಟ್ಟಿ ನೋಡಿದಳು. "ತೆಳ್ಳಗಿದೆಯಲ್ಲ. ನಮ್ಮ ದಪ್ಪ ಹಲಗೆ ಮೇಲೇ ಬಳೀಬಹುದಿತ್ತು."

"ಬಸ್ಸಿಗೆ ಯಾರಾದ್ರೂ ಬೆರಳು ದಪ್ಪದ ಹಲಗೆ ಹಾಕ್ತಾರಾ ಮೇಡಂ? ಬಸ್ಸಿನ ತಗಡಿಗೇ ಬಳಿದು ತಂದಿದೀನಿ. ನಿಜವಾದ ಪರೀಕ್ಷೆ ಆಗ್ಲಿ."

ಮುಖ್ಯಸ್ಥರು, ಹೌದಲ್ಲ, ನಿಜವಾದ ಪರೀಕ್ಷೆಯೇ ಆಗಲಿ ಎಂದರು.

ಮೊದಲು ಮಾಮೂಲು ದಪ್ಪ ಹಲಗೆಯ ಮೇಲೆ ಅಳೆದಳು. ಆಮೇಲೆ ಅದನ್ನು ತೆಗೆದು ನೀಲಿ ತಗಡನ್ನು ನೆಲದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ, ಅಂಚಿನ ಸಂದಿಗೆ ಮೇಣ ತುಂಬಿ, ಉಗುರಿನಲ್ಲಿ ಕೆರೆದು ಸಮ ಮಾಡಿದಳು. ಸೊನ್ನೆ ಹಿಡಿಯುವುದು ಬಹಳ ಸುಲಭವಾಯಿತು. ಭೂತಗನ್ನಡಿ ಜೋಡಿಸಿದ ಕ್ಯಾಮೆರಾ ಪಕ್ಕದಿಂದ ನೋಡುತ್ತಿರುತ್ತದೆ. ಪರದೆಯ ಮೇಲೆ ಹಸಿರು ಚುಕ್ಕಿ ಒಂದು, ಹೊಳೆಯುವ ಬಣ್ಣದಲ್ಲಿ ಅದರ ಬಿಂಬ ಇನ್ನೊಂದು, ಕೊಳದ ಮೇಲಿನ ಬಾತುಕೋಳಿಯ ಹಾಗೆ. ಚುಕ್ಕಿಯನ್ನು ಇಳಿಸುತ್ತ ಹೋದರೆ ಬಿಂಬ ಎದುರು ಬರುತ್ತದೆ. ಎರಡೂ ಕೂಡಿ ಒಂದಾದ ಜಾಗವೇ ತಗಡು, ಅದೇ ಸೊನ್ನೆ. ಹಿಡಿದಳು. ಬಿಟ್ಟು ಮತ್ತೆ ಹಿಡಿದಳು. ಅದೇ ಬಂತು. ಆಮೇಲೆ ಕೋಣೆ ಬೀಗ ಹಾಕಿ, ಹೊರಗಿನ ಕೆಂಪು ದೀಪ ಹಚ್ಚಿ, ಲೇಸರನ್ನು ಪೂರ್ತಿ ಏರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡಳು. ಆ ಕನ್ನಡಕ ಹಾಕಿದರೆ ಹಸಿರು ಬೆಳಕು ಒಂದಿಷ್ಟೂ ಕಾಣುವುದಿಲ್ಲ, ಕ್ಯಾಮೆರಾಕ್ಕೂ ಅಷ್ಟು ಪ್ರಖರ ಬೆಳಕು ಆಗದೆಂದು ಮುಚ್ಚಳ ಹಾಕುತ್ತಾರೆ. ಫ್ಯಾನಣ್ಣ ಫ್ಯಾನು ಹಾಕಿದರು. ಗಾಳಿ ಬಂತು. ಇಡೀ ದಿನ ಅಳೆದಳು.

ಕೊನೆಯಲ್ಲಿ ಎತ್ತರಕ್ಕೆ ವೇಗ ಇಟ್ಟು ಕಂಪ್ಯೂಟರಿನಲ್ಲಿ ಗೆರೆ ಎಳೆಯಬೇಕು. ಗೆರೆಯನ್ನು ಸೊನ್ನೆಯಿಂದಲೇ ಹೊರಡುವಂತೆ ಕಟ್ಟಬಹುದು, ಇಲ್ಲವೇ ಅದರ ಪಾಡಿಗೆ ಬಿಡಬಹುದು. ಅವಳು ಯಾವಾಗಲೂ ಕಟ್ಟುತ್ತಿದ್ದಳು. ತಗಡಿನಲ್ಲಿ ಗಾಳಿಯ ವೇಗ ಸೊನ್ನೆ, ಅದರಲ್ಲಿ ಎರಡು ಮಾತಿಲ್ಲ, ಮತ್ತೆ ಬಿಡುವುದೇಕೆ? ಅದಲ್ಲದೆ ಬಿಟ್ಟ ಗೆರೆ ಅವಳಿಗೆ ರಸ್ತೆಯಲ್ಲಿ ಕೈ ಬಿಟ್ಟ ಮಗುವಿನಂತೆ ಕಾಣುತ್ತಿತ್ತು.

ಕಟ್ಟಿದ ಗೆರೆ ಹೇಳಿತು: ನೀಲಿ ತಗಡಿನ ಮೇಲೆ ಉಜ್ಜಾಟ ನೂರಕ್ಕೆ ಏಳು ಕಡಿಮೆ.

ಬಣ್ಣದವರು ಕೇಳಿದ ಕೂಡಲೇ ಫ್ಯಾನಣ್ಣನನ್ನು ತಬ್ಬಿಕೊಂಡರು. ಫ್ಯಾನಣ್ಣ ತಬ್ಬಿಸಿಕೊಂಡು ಗೋಡೆ ನೋಡುತ್ತ ನಿಂತರು. ಮುಖ್ಯಸ್ಥರು ಅವಳ ಕೈ ಕುಲುಕಿ, "ನಾಳೆ ಬೆಳಿಗ್ಗೆ ವರದಿಗೆ ಸಹಿ ಹಾಕಿ ಕೊಟ್ಟುಬಿಡೋಣ. ಟೇಬಲ್ ವಿಷಯ ಮರೆತುಬಿಡಿ," ಎಂದರು. ಅವಳೂ ಮರೆತುಬಿಡಬೇಕೆಂದೇ ಕಂಪ್ಯೂಟರು ಮುಚ್ಚಲು ಹೋದಳು. ಮುಚ್ಚುವ ಮುಂಚೆ ಇನ್ನೊಂದು ಸಲ ನೋಡಿದಳು. ತಗಡಿಗೆ ತೀರ ಹತ್ತಿರದ ಅಳತೆಗಳ ಚುಕ್ಕಿಗಳೆಲ್ಲ ಗೆರೆಯಿಂದ ತುಸು ಕೆಳಗೆ ಬಿದ್ದಿದ್ದವು. ಮೇಲಿನವು ಗೆರೆಗಿಂತ ತುಸು ಮೇಲೆ. ದಪ್ಪ ಹಲಗೆಯಲ್ಲಿ ಹಾಗಿರಲಿಲ್ಲ.

"ಹೊಗೆ ಕಡಿಮೆ ಇತ್ತೇನೋ ಬಿಡಮ್ಮ," ಎಂದರು ಫ್ಯಾನಣ್ಣ, ಬ್ಯಾಗು ಹೆಗಲಿಗೇರಿಸುತ್ತ.

ಹೊಗೆ ಕಡಿಮೆ ಇರಲಿಲ್ಲ. ಅವಳ ಕೂದಲೆಲ್ಲ ಅದೇ ವಾಸನೆ.

ಗೆರೆಯ ಕಟ್ಟು ಬಿಚ್ಚಿದಳು. ಗೆರೆ ತುಸು ಕಡಿದಾಗಿ, ಎಲ್ಲ ಚುಕ್ಕಿಗಳ ಮೇಲೂ ಹಾಯ್ದು ಹೋಯಿತು. ಆದರೆ ಸೊನ್ನೆಗೆ ಬಂದು ಸೇರಲಿಲ್ಲ. ತಗಡಿಗಿಂತ ಅರ್ಧ ಕೂದಲು ಮೇಲೆಯೇ ಗಾಳಿ ನಿಂತುಬಿಟ್ಟಿತ್ತು. ಗಾಳಿ ತಗಡಿನ ತನಕ ಬಾರದೆ ನಡುದಾರಿಯಲ್ಲಿ ಯಾಕೆ ನಿಲ್ಲುತ್ತದೆ? ಅವಳು ಕಂಪ್ಯೂಟರು ಮುಚ್ಚಿ ಬಸ್ಸು ಹಿಡಿದಳು.

ಮನೆಯಲ್ಲಿ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಮಡಿಸುತ್ತಿದ್ದರು. ಮಗು ಪಕ್ಕದ ಚಾಪೆಯ ಮೇಲೆ ಅಂಗಾತ ಮಲಗಿ, ಕೈಗಳನ್ನು ತಲೆಯ ಆಚೆ ಈಚೆ ಚೆಲ್ಲಿ, ಶರಣಾದ ಕಳ್ಳನಂತೆ ನಿದ್ದೆಹೋಗಿತ್ತು. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು, ಬಗ್ಗಿ, ಬೆರಳು ಹಿಡಿದಳು.

"ಉಸಿರಾಡ್ತಿದಾನಾ?" ಎಂದರು ಅತ್ತೆ, ಸೂಜಿಯಿಂದ ಕಣ್ಣು ತೆಗೆಯದೆ.

"ಆಡ್ತಿದಾನೆ ಅತ್ತೆ."

"ನಾನೂ ಈಗ ತಾನೇ ನೋಡ್ದೆ. ಆಗ್ಲೂ ಆಡ್ತಿದ್ದ." ಯಂತ್ರ ಒಂದು ಸುತ್ತು ಓಡಿ ನಿಂತಿತು. "ಮುಖ ಯಾಕೆ ಹಾಗಿದೆ? ಕೆಲಸ ಕೆಟ್ಟೋಯ್ತಾ?"

"ಚೆನ್ನಾಗಾಯ್ತು ಅತ್ತೆ. ಎಲ್ಲರಿಗೂ ಖುಷಿ."

"ಹಾಗಾದ್ರೆ ಮುಖಕ್ಕೂ ಸ್ವಲ್ಪ ಹೇಳು."

ಊಟದ ಹೊತ್ತಿಗೆ ಗಂಡ ಬಂದ. ಅವನದು ಲಿಫ್ಟ್ ರಿಪೇರಿ. ಲಿಫ್ಟುಗಳ ವಿಷಯ ಬಿಟ್ಟು ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವನಲ್ಲ. ತಟ್ಟೆಯ ಮುಂದೆ ಕೂತವನೇ ಒಂದು ಆಫೀಸಿನ ಲಿಫ್ಟಿನ ಕಥೆ ಶುರುಮಾಡಿದ. ಬಾಗಿಲು ತೆಗೆದಾಗ ಲಿಫ್ಟಿನ ನೆಲ ಹೊರಗಿನ ನೆಲಕ್ಕಿಂತ ತಗ್ಗಿರುತ್ತದೆ, ಜನ ಎಡವುತ್ತಾರೆ ಎಂದು ದೂರಂತೆ. ಇವನು ಮೂರು ಸಲ ಹೋಗಿ ನೋಡಿದ್ದ. ಮೂರು ಸಲವೂ ಎರಡೂ ನೆಲ ಸಮ.

"ಕೊನೆಗೆ ಏನು ಗೊತ್ತಾ? ನಾನು ನೋಡೋವಾಗ ಲಿಫ್ಟಲ್ಲಿ ಯಾರೂ ಇರ್ತಿರ್ಲಿಲ್ಲ. ಖಾಲಿ ಇದ್ರೆ ಸರಿಯಾಗೇ ನಿಲ್ಲುತ್ತೆ. ಹತ್ತು ಜನ ಹತ್ತಿದ್ಮೇಲೆ ಹಗ್ಗ ಎಳೆಯುತ್ತೆ, ಒಂದು ಬೆರಳು ಇಳಿಯುತ್ತೆ. ಖಾಲಿ ಲಿಫ್ಟ್ ನೋಡಿ ಏನು ಪ್ರಯೋಜನ, ಹೇಳು."

ಅವಳ ಕೈ ತುತ್ತಿನ ಸಮೇತ ನಿಂತಿತು. ಸೊನ್ನೆ ಹಿಡಿದಾಗ ಗಾಳಿ ಇರಲಿಲ್ಲ. ಗಾಳಿ ಬಂದ ಮೇಲೆ ತಗಡು ಎಲ್ಲಿತ್ತು ಎಂದು ಅವಳು ನೋಡಿರಲಿಲ್ಲ. ಯಾರೂ ನೋಡುವುದಿಲ್ಲ. ದಪ್ಪ ಹಲಗೆ ಕದಲುವಂಥದ್ದೂ ಅಲ್ಲ. ಆದರೆ ಬಸ್ಸಿನ ತೆಳು ತಗಡು? ಸುರಂಗದೊಳಗೆ ಗಾಳಿ ಓಡುವಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಕೆಳಗಿನಿಂದ ತಗಡನ್ನು ಒಳಕ್ಕೆ ಒತ್ತುತ್ತದೆ.

"ಖಾರ ಜಾಸ್ತಿ ಆಯ್ತಾ?" ಎಂದ ಗಂಡ.

"ಇಲ್ಲ. ಲಿಫ್ಟ್ ಕಥೆ ಚೆನ್ನಾಗಿದೆ."

ಮದುವೆಯಾದ ಮೇಲೆ ಮೊದಲ ಸಲ ಆ ಮಾತು ಕೇಳಿದ ಅವನು ಇನ್ನೂ ಎರಡು ಲಿಫ್ಟುಗಳ ಕಥೆ ಹೇಳಿದ. ಅವಳು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಏನಾದೀತು ಎಂದು ಲೆಕ್ಕ ಹಾಕುತ್ತಿದ್ದಳು. ಏನೂ ಆಗುವುದಿಲ್ಲ. ನೀಲಿ ಬಸ್ಸೊಂದು ನೂರಕ್ಕೆ ಏಳು ಕಡಿಮೆ ಉಜ್ಜಿಕೊಂಡಿತೋ ಇಲ್ಲವೋ ಎಂದು ರಸ್ತೆಯ ಬದಿಯಲ್ಲಿ ಯಾರೂ ನಿಂತು ನೋಡುವುದಿಲ್ಲ. ಲೇಸರ್ ಕೋಣೆ ಅವಳದೇ ಆಗಿ ಉಳಿಯುತ್ತದೆ. ಬಾಯಿ ಬಿಟ್ಟರೆ ಕಿಟಕಿ ಪಕ್ಕದ ಟೇಬಲ್. ಮೇಲೆ ಒಂದು ಮಾತು: ಪಾಪ, ಮಗು ಆದ ಮೇಲೆ ಮೊದಲಿನ ಹಾಗಿಲ್ಲ. ಆ ಮಾತನ್ನು ಯಾರು ಯಾರು ಯಾವ ಯಾವ ದನಿಯಲ್ಲಿ ಹೇಳುತ್ತಾರೆ ಎನ್ನುವುದು ಕೂಡ ಅವಳಿಗೆ ಕೇಳಿಸಿತು.

ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನೋಡದೆ ಇರುವುದು ಮಾತ್ರ ಅವಳ ಕೈಲಿ ಆಗುವ ಕೆಲಸವಾಗಿರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಫ್ಯಾನಣ್ಣನಿಗಾಗಿ ಬಾಗಿಲಲ್ಲೇ ಕಾದಳು. ಅವರು ಅವಳ ಮುಖ ನೋಡಿದ ಕೂಡಲೇ ಬ್ಯಾಗು ಕೆಳಗಿಟ್ಟರು.

"ಹೇಳ್ಬೇಡ. ನನಗೆ ಗೊತ್ತು."

"ಒಂದೇ ಒಂದ್ಸಲ ಅಣ್ಣಾ."

"ನಂಬರ್ ಕೊಟ್ಟಾಯ್ತು. ಬಣ್ಣದವರು ನನ್ನ ತಬ್ಬಿಕೊಂಡೂ ಆಯ್ತು. ಈಗ ಮದುವೆ ಊಟ ಮುಗಿಸಿ ಹುಡುಗನ್ನ ನೋಡೋಕೆ ಹೊರಟ ಹಾಗಿದೆ ನಿನ್ನ ಕಥೆ."

"ತಗಡು ನೋಡ್ಬೇಕು, ಅಷ್ಟೆ. ಗಾಳಿ ಇರೋವಾಗ."

"ಗಾಳಿ ಇರೋವಾಗ ಅದನ್ನ ಯಾರು ನೋಡ್ತಾರೆ?"

"ಅದಕ್ಕೇ."

ಲೇಸರನ್ನು ಕಣ್ಣಿಗೆ ಅಪಾಯವಿಲ್ಲದಷ್ಟು ಇಳಿಸಿದಳು. ಕ್ಯಾಮೆರಾದ ಮುಚ್ಚಳ ತೆಗೆದಳು. ಹೊಗೆ ಸ್ವಲ್ಪ ಬಿಟ್ಟಳು. ಚುಕ್ಕಿಯನ್ನು ತಗಡಿನಿಂದ ತುಸು ಮೇಲೆ ನಿಲ್ಲಿಸಿದಳು. ಪರದೆಯಲ್ಲಿ ಮೇಲೊಂದು ಹಸಿರು ಚುಕ್ಕಿ, ಕೆಳಗೊಂದು ಬಿಂಬ. ಎರಡರ ಪಕ್ಕದಲ್ಲೂ ಪರದೆಗೆ ಕಾಗದದ ಟೇಪಿನ ಒಂದೊಂದು ತುಂಡು ಅಂಟಿಸಿದಳು. ಆಮೇಲೆ ಗೋಡೆ ತಟ್ಟಿದಳು. ಫ್ಯಾನಣ್ಣ ಫ್ಯಾನು ಹಾಕಿದರು. ಮೊದಲು ಗುರ್ರ್ ಎಂದಿತು, ಆಮೇಲೆ ಇಡೀ ಕಟ್ಟಡದ ಕಿಟಕಿಗಳು ಮಾಮೂಲಿನಂತೆ ಅದುರಿದವು, ಆಮೇಲೆ ದನಿ ಒಂದೇ ಸಮನಾಯಿತು.

ಮೇಲಿನ ಚುಕ್ಕಿ ಕದಲಲಿಲ್ಲ. ಕೆಳಗಿನದು ನಿಧಾನವಾಗಿ ಟೇಪನ್ನು ಬಿಟ್ಟು ಮೇಲಕ್ಕೆ ಬಂತು, ಬಂದು ನಿಂತಿತು.

ಕಿಟಕಿ ಪಕ್ಕದ ಟೇಬಲ್ ಅವಳ ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ನಾಚಿಕೆಗೇಡು, ಒಂದು ಸಮಾಧಾನವೂ ಆಯಿತು. ಜೀವಮಾನದಲ್ಲಿ ಮೊದಲ ಸಲ ಗ್ಯಾಸು ನಿಜವಾಗಿಯೂ ಉರಿಯುತ್ತಿತ್ತು.

ಫ್ಯಾನು ನಿಲ್ಲಿಸಿದರು. ಬಿಂಬ ಇಳಿದು ಟೇಪಿನ ಪಕ್ಕಕ್ಕೆ ಬಂದು ಕೂತಿತು. ಮತ್ತೆ ಹಾಕಿಸಿದಳು. ಮತ್ತೆ ಏರಿತು. ಈ ಸಲ ಫ್ಯಾನಣ್ಣನನ್ನು ಕರೆದು ತೋರಿಸಿದಳು.

"ತಗಡು ಉಬ್ಬುತ್ತಿದೆ ಅಣ್ಣಾ. ಸೊನ್ನೆ ನಾನು ಹಿಡಿದ ಜಾಗದಲ್ಲಿಲ್ಲ. ಅದು ಮೇಲೆ ಹೋಗಿದೆ, ನಾನು ಗೆರೆಯನ್ನ ಹಳೇ ಜಾಗಕ್ಕೇ ಕಟ್ಟಿಹಾಕಿದೀನಿ."

ಫ್ಯಾನಣ್ಣ ಪರದೆಯನ್ನು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ಫ್ಯಾನಿಂದೇನೂ ತಪ್ಪಿಲ್ಲ ತಾನೆ?"

"ಇಲ್ಲ. ನಂದೇ."

"ಮೇಲೆ ಹೇಳ್ತೀಯಾ?"

ಅವಳು ಪರದೆಯ ಮೇಲಿನ ಟೇಪನ್ನು ಕೀಳತೊಡಗಿದಳು.

"ನೋಡು, ನಾನಂತೂ ಏನೂ ನೋಡಿಲ್ಲ. ನನ್ನ ಹತ್ರ ಕನ್ನಡಕಾನೂ ಇಲ್ಲ," ಎಂದರು ಫ್ಯಾನಣ್ಣ. ಓದುವ ಕನ್ನಡಕ ಅವರ ಮೂಗಿನ ಮೇಲಿತ್ತು.

ಮುಖ್ಯಸ್ಥರ ಕೋಣೆಯಲ್ಲಿ ಬಣ್ಣದವರು ಆಗಲೇ ಬಂದು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಮೇಜಿನ ಮೇಲೆ ಟೀ, ಬಿಸ್ಕೆಟ್ಟು, ಸಹಿಗೆ ಕಾಯುತ್ತಿರುವ ಒಂದು ಹಾಳೆ. ಅವಳು ಒಳಗೆ ಹೋಗಿ, ಕೂರಿ ಎಂದರೂ ಕೂರದೆ, ಮನೆಯಿಂದ ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದಿದ್ದ ನಾಲ್ಕು ವಾಕ್ಯಗಳನ್ನೂ ಮರೆತು, "ಸರ್, ಏಳು ತಪ್ಪು," ಎಂದಳು.

"ಏನು ಏಳು ತಪ್ಪು?" ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. "ಅಷ್ಟೊಂದಾ?"

"ಅಲ್ಲ ಸರ್, ತಪ್ಪು ಒಂದೇ. ನೂರಕ್ಕೆ ಏಳು ಅಂದ್ನಲ್ಲ, ಅದು. ಗಾಳಿ ಬಂದಾಗ ತಗಡು ಉಬ್ಬುತ್ತೆ. ನಾನು ಗಾಳಿ ಇಲ್ಲದಾಗ ಸೊನ್ನೆ ಹಿಡಿದು ಗೆರೇನ ಅಲ್ಲಿಗೇ ಕಟ್ಟಿದೆ."

"ಎಷ್ಟು ಉಬ್ಬುತ್ತೆ?"

"ಅರ್ಧ ಕೂದಲು."

ಬಣ್ಣದವರು ಉಸಿರು ಬಿಟ್ಟು ನಕ್ಕರು. "ಅಯ್ಯೋ, ಅರ್ಧ ಕೂದಲಾ! ನಾನೇನೋ ತಗಡೇ ಕಿತ್ಕೊಂಡು ಹೋಯ್ತು ಅಂದ್ಕೊಂಡೆ. ಟೀ ಕುಡೀರಿ ಮೇಡಂ."

"ನಾನು ಅಳೆಯೋ ಜಾಗಾನೇ ಏಳೆಂಟು ಕೂದಲು ದಪ್ಪ ಸರ್. ಅದ್ರಲ್ಲಿ ಅರ್ಧ ಹೋದ್ರೆ ಎಷ್ಟು ಹೋಯ್ತು ನೋಡಿ."

ಬಣ್ಣದವರು ಬಿಸ್ಕೆಟ್ಟನ್ನು ಟೀಯಲ್ಲಿ ಅದ್ದಿ ಮನಸ್ಸಿನಲ್ಲೇ ಭಾಗಿಸಿದರು. ಲೆಕ್ಕ ಮುಗಿಯುವ ಹೊತ್ತಿಗೆ ಬಿಸ್ಕೆಟ್ಟು ಟೀಯೊಳಗೆ ಬಿದ್ದುಹೋಗಿತ್ತು.

ಮುಖ್ಯಸ್ಥರು ಅವಳನ್ನೇ ನೋಡುತ್ತಿದ್ದರು. "ಯಾರು ಕಂಡುಹಿಡಿದ್ರು?"

"ನಾನೇ ಸರ್."

"ತಪ್ಪು ಮಾಡಿದ್ದು?"

"ಅದೂ ನಾನೇ."

"ನೀವು ಇದನ್ನ ಹೇಳದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ ಸರ್."

ಬಣ್ಣದವರು ಚಮಚದಲ್ಲಿ ಬಿಸ್ಕೆಟ್ಟನ್ನು ಹುಡುಕುತ್ತಿದ್ದರು. ಅವಳು ಕಿಟಕಿಯ ಆಚೆ ನೋಡಿದಳು. ಅಲ್ಲಿಂದ ಮುಂದಿನ ಕೋಣೆಯ ಟೇಬಲ್ ಕಾಣುತ್ತಿತ್ತು, ಬಿಸಿಲು ಬಿದ್ದಿತ್ತು, ನಿಜವಾಗಿಯೂ ಒಳ್ಳೆಯ ಟೇಬಲ್.

"ಮತ್ತೆ ಅಳೀರಿ," ಎಂದರು ಮುಖ್ಯಸ್ಥರು.

ಮತ್ತೆ ಅಳೆದಳು. ದಪ್ಪ ಹಲಗೆಯನ್ನು ಮೇಲಿಂದ ಒಂದಿಷ್ಟು ಕೆತ್ತಿಸಿ, ನೀಲಿ ತಗಡನ್ನು ಆ ಕೆತ್ತಿದ ಜಾಗಕ್ಕೆ ಗಟ್ಟಿಯಾಗಿ ಅಂಟಿಸಿ ಕೂರಿಸಿದರು. ಗಾಳಿ ಹಾಕಿದ ಮೇಲೆ ಚುಕ್ಕಿ, ಬಿಂಬ ಎರಡನ್ನೂ ನೋಡಿದಳು. ಕದಲಲಿಲ್ಲ. ಅಳತೆ ಮುಗಿದ ಮೇಲೆ ಗೆರೆಯನ್ನು ಕಟ್ಟದೆ ಬಿಟ್ಟಳು. ಗೆರೆ ತಾನಾಗಿಯೇ ಇಳಿದು ಬಂದು ಸೊನ್ನೆಯಲ್ಲಿ ನಿಂತಿತು. ಬೇಡವೆಂದಾಗ ಓಡಿಹೋಗುವ ಮಗು ಕರೆಯದೆಯೇ ಮನೆಗೆ ಬಂದ ಹಾಗೆ.

ಮಾಮೂಲು ಹಲಗೆಗೂ ನೀಲಿ ತಗಡಿಗೂ ಉಜ್ಜಾಟದಲ್ಲಿ ವ್ಯತ್ಯಾಸ ಇರಲಿಲ್ಲ.

ಬಣ್ಣದವರಿಗೆ ಹೇಳುವುದು ತನ್ನದೇ ಕೆಲಸವೆಂದು ಅವಳೇ ಹೇಳಿದಳು. ಅವರು ಸುರಂಗದ ಗಾಜಿಗೆ ಹಣೆ ಆನಿಸಿ ತಮ್ಮ ತಗಡನ್ನು ನೋಡುತ್ತ ನಿಂತರು. ತಬ್ಬಿಕೊಳ್ಳುತ್ತಾರೇನೋ ಎಂದು ಫ್ಯಾನಣ್ಣ ಎರಡು ಹೆಜ್ಜೆ ಹಿಂದೆ ಸರಿದಿದ್ದರು.

"ಒಂದಿಷ್ಟೂ ಕಡಿಮೆ ಇಲ್ವಾ ಮೇಡಂ?"

"ನಾವು ಅಳೆಯೋ ಮಟ್ಟಿಗೆ ಇಲ್ಲ ಸರ್."

"ಆ ನೊಣ ಜಾರಿದ್ದು?"

"ನೊಣದ ವಿಷಯ ನನಗೆ ಗೊತ್ತಿಲ್ಲ."

ಅವರು ಗಾಜಿನಿಂದ ಹಣೆ ತೆಗೆದರು. ಗಾಜಿನ ಮೇಲೆ ಹಣೆಯ ಗುರುತು ಉಳಿಯಿತು. ಅವಳಿಗೆ ಕೂಡಲೇ ಒರೆಸಬೇಕೆನಿಸಿತು, ತಡೆದುಕೊಂಡಳು.

"ಜಾಸ್ತಿ ಆಗಿಲ್ಲ ತಾನೆ?"

"ಇಲ್ಲ ಸರ್. ಜಾಸ್ತಿ ಆಗಿಲ್ಲ."

"ಹಾಗಂತ ಬರೆದು ಕೊಡ್ತೀರಾ? ಲೇಸರಲ್ಲಿ ನೋಡಿದ್ದು ಅಂತ?"

"ಕೊಡ್ತೀನಿ. ಅದು ನಿಜ."

"ಕೊಡಿ ಮತ್ತೆ," ಎಂದರು ಬಣ್ಣದವರು. ದನಿ ಅರ್ಧದಷ್ಟು ವಾಪಸು ಬಂದಿತ್ತು. "ಬೇರೆ ಯಾವ ಬಣ್ಣದವನ ಹತ್ರ ಈ ಮಾತಿದೆ?"

ಸಂಜೆ ಹೊರಡುವಾಗ ಮುಖ್ಯಸ್ಥರು ಕಾರಿಡಾರಿನಲ್ಲಿ ಸಿಕ್ಕರು. ಅವಳು ನಿಂತಳು. ಅವರೂ ನಿಂತರು. ಕೆಟ್ಟ ಮಾತನ್ನು ಒಳ್ಳೆಯದಾಗಿ ಹೇಳುವ ದಾರಿ ಹುಡುಕುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು.

"ಆ ಟೇಬಲ್ ಸರ್," ಎಂದು ಅವಳೇ ತೆಗೆದಳು. "ನಾಳೆಯಿಂದ ಕೂತ್ಕೊಳ್ಳಾ?"

"ಬೇಡಮ್ಮ." ಅವರು ಕೈಯಲ್ಲಿದ್ದ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅಲ್ಲಿ ನೀವು ಕೂತ್ರೆ ಒಂದು ಪತ್ರಾನೂ ಆಚೆ ಹೋಗಲ್ಲ. ಲೇಸರ್ ರೂಮಲ್ಲೇ ಇರಿ. ಗಾಳಿಗೆ ಆತುರ ಇಲ್ಲ."

ಅದು ಹೊಗಳಿಕೆಯೋ ಬೈಗುಳವೋ ಎಂದು ಬಸ್ಸಿನಲ್ಲಿ ಕೂತು ಬಹಳ ಯೋಚಿಸಿದಳು. ಎರಡೂ ಅಲ್ಲ, ಕೆಲಸ ಉಳಿಯಿತು ಎನ್ನುವ ಸುದ್ದಿ ಎಂದು ತಿಳಿದುಕೊಂಡಾಗ ಇಳಿಯುವ ಸ್ಟಾಪು ದಾಟಿಹೋಗಿತ್ತು.

ಈಗ ಆ ಟೇಬಲ್ಲಿನ ಮೇಲೆ ಕೆಟ್ಟುಹೋದ ಪ್ರಿಂಟರೊಂದು ಕೂತಿದೆ. ಲೇಸರ್ ಕೋಣೆಯಲ್ಲಿ ಗಾಳಿ ಹಾಕಿದ ಮೇಲೆ ಬೆಳಕು ಇಳಿಸಿ ಎಲ್ಲರೂ ಒಮ್ಮೆ ಬಿಂಬ ನೋಡುತ್ತಾರೆ. ಫ್ಯಾನಣ್ಣ ಊಟದ ಡಬ್ಬಿಯನ್ನು ಫ್ಯಾನಿನ ಮೋಟಾರಿನ ಬಿಸಿಯ ಹತ್ತಿರ ಇಡುವುದನ್ನು ಕಲಿತಿದ್ದಾರೆ.

ಒಂದು ದಿನ ಸಂಜೆ ಅವಳು ಮಗುವನ್ನು ಸೊಂಟಕ್ಕೆತ್ತಿಕೊಂಡು, ಅತ್ತೆಯ ಹೊಲಿಗೆ ದಾರ ತರಲೆಂದು ಅವರ ಜೊತೆ ರಸ್ತೆ ದಾಟಲು ನಿಂತಿದ್ದಳು. ಕಡುನೀಲಿ ಬಸ್ಸೊಂದು ಬಂತು, ಮುಖ ಕಾಣುವಷ್ಟು ಹೊಳಪು. ಅದರ ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಗಾಳಿಯ ಉಜ್ಜಾಟ ಹೆಚ್ಚಿಸದ ಬಣ್ಣ. ಲೇಸರ್ ಪರೀಕ್ಷಿತ.

ಅತ್ತೆಗೆ ದೂರದ್ದು ಕಾಣುವುದಿಲ್ಲ. "ಏನಂತೆ ಅದು?" ಎಂದರು.

"ಏನೂ ಆಗಲ್ವಂತೆ ಅತ್ತೆ."

"ಅದನ್ನೂ ಬರೆದು ಹಾಕ್ತಾರಾ?"

"ಹೂಂ," ಎಂದಳು. ಬಸ್ಸು ತಿರುವು ದಾಟುವ ತನಕ ಅದನ್ನೇ ನೋಡುತ್ತಿದ್ದಳು. "ಸರಿಯಾಗೇ ಬರೆದಿದಾರೆ."

ಆಮೇಲೆ ಬಲಗಡೆ ನೋಡಿದಳು, ಎಡಗಡೆ ನೋಡಿದಳು, ಮತ್ತೆ ಬಲಗಡೆ ನೋಡಿದಳು. ಅಷ್ಟರಲ್ಲಿ ಅತ್ತೆ ರಸ್ತೆ ದಾಟಿ ಆ ಬದಿಯಲ್ಲಿ ಕಾಯುತ್ತ ನಿಂತಿದ್ದರು.